ಸಾಲಿನ ಇಪ್ಪತ್ತನೆಯವನು

ಸಂಕ್ರಾಂತಿ ಕಳೆದು ಎಂಟು ಹತ್ತು ದಿನವಾಗಿತ್ತು. ಬಿಳಿಕಲ್ಲಹಳ್ಳಿಯ ಹೊಲಗಳಲ್ಲಿ ರಾಗಿಯ ಮೆದೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಬೆಳಗಿನ ಇಬ್ಬನಿ ಆರುತ್ತಲೇ ಗಂಡಸರು ತೆನೆಯ ಸಿವುಡು ಬಿಚ್ಚಿ ಕಣದ ತುಂಬ ಹರವುತ್ತಿದ್ದರು. ಹೆಂಗಸರು ಹಿಂದಿನ ದಿನ ತೂರಿದ ಹೊಟ್ಟನ್ನು ಮಂಕರಿಗೆ ತುಂಬಿ ಹೊತ್ತುಹಾಕುತ್ತಿದ್ದರು. ಎತ್ತಿನ ಹಿಂದೆ ಕಾಳು ಉದುರಿಸುವ ರೋಣಗಲ್ಲು ಗಿರ್ರೆಂದು ಸುತ್ತು ಬರುವ ಸದ್ದು ಊರಿನ ಯಾವ ಮೂಲೆಯಲ್ಲಿ ನಿಂತರೂ ಕೇಳುತ್ತಿತ್ತು. ಗಾಳಿ ಇತ್ತ ತಿರುಗಿದ ದಿನ ಬೀರೂರಿನ ರೈಲಿನ ಕೂಗೂ ಅದರ ಜೊತೆ ಸೇರಿ ಬಂದು, ಹೊಂಗೆಯ ತೋಪಿನಲ್ಲಿ ಎಲ್ಲೋ ಕರಗಿಹೋಗುತ್ತಿತ್ತು.

ಇಂಥ ಹೊತ್ತಿನಲ್ಲಿ ಕೆಲಸವಿಲ್ಲದೆ ನಡೆಯುತ್ತಿದ್ದವನೆಂದರೆ ಈರಭದ್ರಪ್ಪನೊಬ್ಬನೇ. ಅವನ ಕೆಲಸವಿದ್ದದ್ದು ಸಂಜೆಗೆ. ಊರಿನ ಯಾವ ಕಣದಲ್ಲಿ ರಾಶಿ ಕೂಡಿದರೂ ಕೊಳಗ ಹಿಡಿದು ಅಳೆಯುವವನು ಅವನು. ಅವನಪ್ಪ ಸತ್ತಮೇಲೆ ಮೂವತ್ತೈದು ಸುಗ್ಗಿಯ ರಾಗಿ ಅವನ ಕೈ ಹಾದು ಮನೆ ಸೇರಿತ್ತು. ಬೆಳಗಿನ ಹೊತ್ತು ಬಿಡುವಾಗಿದ್ದಾನೆಂದು ಸೊಸೆ ಲಿಂಗಮ್ಮ ಅವನಿಗೆ ಒಂದು ಕೆಲಸ ಅಂಟಿಸಿದ್ದಳು. ಮೊಮ್ಮಗಳು ಅಂಬಮ್ಮನನ್ನು, ಎಲ್ಲರ ಬಾಯಲ್ಲಿ ಅಂಬಿಯನ್ನು, ಹಳ್ಳ ದಾಟಿಸಿ ಸ್ಕೂಲಿಗೆ ಬಿಟ್ಟುಬರಬೇಕು.

ಬಿಟ್ಟುಬರುವುದು ಎಂದರೆ ಅವನು ಬಿಟ್ಟು ಬರುತ್ತಿರಲಿಲ್ಲ. ಅಲ್ಲೇ ಕೂತುಬಿಡುತ್ತಿದ್ದ.

ಸ್ಕೂಲು ನಡೆಯುತ್ತಿದ್ದದ್ದು ಊರ ಚಾವಡಿಯಲ್ಲಿ. ಬಲಿತ ಮಕ್ಕಳು ಒಳಗೆ. ಈಗಷ್ಟೇ ಸೇರಿದ ಐದು ಆರು ವರ್ಷದವು ಹೊರಗೆ ಜಗಲಿಯ ಎಳೆಬಿಸಿಲಿನಲ್ಲಿ. ಮೇಷ್ಟ್ರು ಕಲ್ಲೇಶಪ್ಪ ಅಜ್ಜಂಪುರದವರು. ಮೈಸೂರಿನ ನಾರ್ಮಲ್ ಸ್ಕೂಲಿನಲ್ಲಿ ಪಾಠ ಹೇಳುವುದನ್ನೇ ಎರಡು ವರ್ಷ ಪಾಠವಾಗಿ ಕಲಿತು ಬಂದವರು. ಅವರಿಗಿಂತ ಮೊದಲು ಇದ್ದ ಐಗಳು ಕೈಯಲ್ಲಿ ಹುಣಸೆಬರಲು ಹಿಡಿದು ಮಗ್ಗಿ ಹೇಳಿಸುತ್ತಿದ್ದರು. ಈ ಮೇಷ್ಟ್ರು ಹುಣಸೆಯ ಬರಲನ್ನು ಬಿಟ್ಟು ಬೀಜ ಹಿಡಿದಿದ್ದರು. ಒಂದು ಬುಟ್ಟಿ ಹುಣಸೆಬೀಜ, ಹಳ್ಳದಿಂದ ಜಾಲಿಸಿ ತಂದ ಮರಳು, ಕೆರೆಯ ಜೇಡಿಮಣ್ಣು, ಇವೇ ಅವರ ಸಾಮಾನು. ಮರಳಿನಲ್ಲಿ ಬೆರಳಾಡಿಸಿ ಮಕ್ಕಳು 'ಅ' ಬರೆಯಬೇಕು. ಬರೆದದ್ದರ ಮೇಲೆ ಬೀಜ ಜೋಡಿಸಬೇಕು. ಬೀಜ ತೆಗೆದಮೇಲೆ ಉಳಿದ ಗುಳಿಗಳನ್ನು ಕಣ್ಣುಮುಚ್ಚಿ ತಡವಿ ಯಾವ ಅಕ್ಷರವೆಂದು ಹೇಳಬೇಕು. ಆಮೇಲೆ ಜೇಡಿಮಣ್ಣಿನಲ್ಲಿ ಬೆಳಿಗ್ಗೆ ದಾರಿಯಲ್ಲಿ ಕಂಡದ್ದನ್ನು ಮಾಡಬೇಕು. ಕುಂಬಾರರ ತಿಮ್ಮ ಎಮ್ಮೆ ಮಾಡುತ್ತಿದ್ದ. ಮಿಕ್ಕವರೆಲ್ಲ ಏನು ಮಾಡಹೊರಟರೂ ಕೊನೆಗೆ ಆಗುತ್ತಿದ್ದದ್ದು ಹಾವು.

"ನಮ್ ಮಕ್ಳು ಮನೇಲಿ ಮಣ್ಣಾಡಿದ್ರೆ ಬೆನ್ನಿಗೆ ಬೀಳ್ತವೆ," ಎಂದು ಮುದ್ದಪ್ಪ ಎತ್ತು ಹೊಡೆದುಕೊಂಡು ಆ ದಾರಿಯಲ್ಲಿ ಹೋಗುವಾಗೆಲ್ಲ ಕೂಗುತ್ತಿದ್ದ. "ಇಲ್ಲಿ ಮಣ್ಣಾಡ್ಸಕ್ಕೆ ಸರ್ಕಾರದೋರು ಸಂಬ್ಳ ಕೊಟ್ಟು ಮಡಗವ್ರೆ ನೋಡಪ್ಪ!"

"ನೀವೂ ಬಂದು ಕೂತ್ಕಳಿ ಮುದ್ದಪ್ನೋರೆ," ಎನ್ನುತ್ತಿದ್ದರು ಮೇಷ್ಟ್ರು, ತಲೆ ಎತ್ತದೆ. "ಒಂದು ಹಾವು ನೀವೂ ಮಾಡೀರಂತೆ."

ಈರಭದ್ರಪ್ಪ ಕಂಬಕ್ಕೊರಗಿ ಕೂತು ನೋಡುತ್ತಿದ್ದ. ಬಿಸಿಲು ಮೊಣಕಾಲಿನಿಂದ ಎದೆಗೆ ಏರುವಷ್ಟರಲ್ಲಿ ರೆಪ್ಪೆ ಭಾರವಾಗುತ್ತಿತ್ತು. ಮಕ್ಕಳ ದನಿ ಒಮ್ಮೆ ಹತ್ತಿರ, ಒಮ್ಮೆ ಕೆರೆಯ ಆಚೆ ದಡದಿಂದ ಬಂದಂತೆ. ಅರೆನಿದ್ದೆಯಲ್ಲಿ ಅವನಿಗೆ ಮರಳು ರಾಗಿಯಾಗಿ ಕಾಣುತ್ತಿತ್ತು. ಹತ್ತೊಂಬತ್ತು ಪುಟ್ಟ ಬೆರಳುಗಳು ರಾಗಿಯ ಮೇಲೆ ದಾರಿ ಕೊರೆಯುತ್ತಿವೆ, ಆ ದಾರಿಗಳಲ್ಲಿ ಇರುವೆಯಷ್ಟು ಚಿಕ್ಕ ಎತ್ತುಗಳು ನಡೆಯುತ್ತಿವೆ, ಅವು ಎಲ್ಲಿಗೆ ಹೋಗುತ್ತಿವೆ ಎಂದು ಅವನಿಗೆ ಗೊತ್ತು, ಆದರೆ ಹೇಳಲು ಬಾಯಿ ಬರುವುದಿಲ್ಲ. ಅಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಬಾಯಿ ಬಾರದ ಆ ಕನಸಿಗೆ ಕಾರಣವಿತ್ತು. ಅದು ಅವನಿಗೊಬ್ಬನಿಗೇ ಗೊತ್ತಿತ್ತು.

ಕಣದಲ್ಲಿ ಅಳೆಯುವುದಕ್ಕೆ ಒಂದು ಕ್ರಮವಿದೆ. ಕೊಳಗಕ್ಕೆ ವಿಭೂತಿ ಬಳಿದು, ಮೂಡಲಿಗೆ ಮುಖಮಾಡಿ ಕೂತಮೇಲೆ ಅಳೆಯುವವನ ಬಾಯೊಂದೇ ಆಡಬೇಕು. ಸುತ್ತ ನಿಂತವರು ಕೆಮ್ಮನ್ನೂ ನುಂಗಿಕೊಳ್ಳಬೇಕು. ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ. ಒಂದು ಎಂದರೆ ರಾಶಿ ಒಂಟಿಯಾದೀತು, ಕುಗ್ಗೀತು ಎಂಬ ಅಂಜಿಕೆ. ಅದಕ್ಕೆ 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಕೊಳಗ ತುಂಬಿ ಸುರಿದು ಮತ್ತೆ ತುಂಬುವ ತನಕ ಆ ಸಂಖ್ಯೆಯನ್ನೇ ರಾಗವಾಗಿ ಹೇಳುತ್ತಿರಬೇಕು: ಎರಡೂ, ಎರಡೂ, ಎರಡೂ. ಇಪ್ಪತ್ತಾದರೆ ಒಂದು ಖಂಡುಗ. ಗುರುತಿಗೆ ಒಂದು ಹಿಡಿ ರಾಗಿ ಪಕ್ಕಕ್ಕೆ ಇಡಬೇಕು. ಪಾಲು ಇದ್ದರೆ ಒಂದು ಖಂಡುಗ ಈ ಕಡೆಯವರಿಗೆ, ಮುಂದಿನ ಖಂಡುಗ ಆ ಕಡೆಯವರಿಗೆ. ಅಳೆದು ಸುರಿದ ರಾಗಿಯನ್ನು ಮತ್ತೆ ರಾಶಿಗೆ ಹಾಕುವಂತಿಲ್ಲ. ಹಾಕಿದರೆ ರಾಶಿ ಮುನಿಸಿಕೊಳ್ಳುತ್ತದೆ.

ಹೋದ ಸೋಮವಾರ ಮುದ್ದಪ್ಪ ಮತ್ತು ಅವನ ತಮ್ಮ ಸಿದ್ದಪ್ಪ ಇಬ್ಬರ ರಾಶಿ ಅಳೆಯುವಾಗ, ಮುದ್ದಪ್ಪನ ಪಾಲಿನ ಮೂರನೆಯ ಖಂಡುಗ ನಡೆದಿತ್ತು. ಈರಭದ್ರಪ್ಪ 'ಹನ್ನೊಂದೂ, ಹನ್ನೊಂದೂ' ಎನ್ನುತ್ತಿದ್ದ. ಹೇಳುತ್ತ ಹೇಳುತ್ತ ಆ ಸಂಖ್ಯೆ ಸಂಖ್ಯೆಯಾಗಿ ಉಳಿಯಲಿಲ್ಲ. ಬೇಲಿಯ ಮೇಲೆ ಕೂತ ಹಕ್ಕಿಯ ಕೂಗಿನಂತೆ, ಯಾರದೋ ಬಾಯಿಂದ ಬರುತ್ತಿರುವ ಸದ್ದಿನಂತೆ ಆಯಿತು. ಕೈಯಲ್ಲಿ ತುಂಬಿದ ಕೊಳಗ. ಇದು ಹನ್ನೊಂದೋ, ಹನ್ನೊಂದು ಸುರಿದಾಗಿ ಇದು ಮುಂದಿನದೋ? ಜನ ನೋಡುತ್ತಿದ್ದರು. ಅವನ ಬಾಯಿ ತನಗೆ ತೋರಿದ್ದನ್ನು ಹೇಳಿಬಿಟ್ಟಿತು. ಯಾರಿಗೂ ತಿಳಿಯಲಿಲ್ಲ.

ಅಂದಿನಿಂದ ಅವನ ಎದೆಯಲ್ಲಿ ಒಂದು ದಿನ ಕೂತುಬಿಟ್ಟಿತ್ತು: ಮುಂದಿನ ಸೋಮವಾರ. ಅವತ್ತು ಕೆಂಚಮ್ಮನ ರಾಶಿ. ಗಂಡ ತೀರಿಕೊಂಡ ಹೆಣ್ಣುಮಗಳು, ಮೂರು ಮಕ್ಕಳು. ಹೊಲ ಅವಳದು, ಎತ್ತು ಮುದ್ದಪ್ಪನದು, ಬೆಳೆದದ್ದು ಅರ್ಧರ್ಧ. ಅಣ್ಣತಮ್ಮಂದಿರ ನಡುವೆ ಒಂದು ಕೊಳಗ ಅತ್ತಿತ್ತ ಆದರೆ ಇಬ್ಬರೂ ಉಣ್ಣುತ್ತಾರೆ. ಕೆಂಚಮ್ಮನ ಪಾಲಿನಲ್ಲಿ ಒಂದು ಕೊಳಗ ಹೋದರೆ ಅದು ಆ ಮಕ್ಕಳ ಎಂಟು ದಿನದ ಹಿಟ್ಟು. ಅಳೆಯಲಾರೆ ಎಂದು ಕೊಳಗವನ್ನು ಇನ್ನೊಬ್ಬರ ಕೈಗಿಡೋಣವೆಂದರೆ, ಊರಲ್ಲಿ ರಾಶಿ ಅಳೆಯಲು ಬರುವ ಇನ್ನೊಬ್ಬನೆಂದರೆ ಮುದ್ದಪ್ಪನೇ. ಪಾಲುದಾರನೇ ಅಳೆಯುವುದುಂಟೇ?

ಅದಕ್ಕೇ ಅವನು ಜಗಲಿಯಲ್ಲಿ ಕೂರುತ್ತಿದ್ದ. ಈ ಮಕ್ಕಳಿಗೆ ಸಂಖ್ಯೆ ಹೇಗೆ ಹತ್ತುತ್ತದೆ, ಹತ್ತಿದ್ದು ಹೇಗೆ ನಿಲ್ಲುತ್ತದೆ ಎಂದು ನೋಡುವುದಕ್ಕೆ.

ಮಂಗಳವಾರ ಎರಡು ಹುಣಸೆಬೀಜ ಎತ್ತಿಕೊಂಡು ಬೆರಳ ಸಂದಿಯಲ್ಲಿ ಹೊರಳಿಸಿ ನೋಡಿದ. ಬೀಜದಿಂದ ಎಣಿಸಬಹುದು, ಆದರೆ ಕೊಳಗ ಹಿಡಿಯಲು ಎರಡೂ ಕೈ ಬೇಕು. ಬುಧವಾರ ಮೇಷ್ಟ್ರು ಅವನ ಮುಂದೂ ಒಂದು ಬೊಗಸೆ ಮರಳು ಹರವಿ ಏನೂ ಹೇಳದೆ ಮುಂದೆ ಹೋದರು. ಅವನು ಅತ್ತಿತ್ತ ನೋಡಿ ಬೆರಳೂರಿದ.

"ಅಜ್ಜ, ಹಂಗಲ್ಲ," ಎಂದಳು ಅಂಬಿ. "ಹೊಟ್ಟೆ ಮೊದ್ಲು ಬರೀಬೇಕು. ನಿಂದು ಕಾಲು ಮೊದ್ಲು ಬಂದೈತೆ."

"ನಂಗೆ ವಯಸ್ಸಾಯ್ತಲ್ಲವ್ವ, ಕಾಲೇ ಮುಂದೆ ಹೋಗದು."

ಮಕ್ಕಳೆಲ್ಲ ನಕ್ಕವು. ಕುರುಬರ ಬೀರ ಮಾತ್ರ ಕಂಬಳಿ ಕೊಪ್ಪೆಯೊಳಗೆ ನಿದ್ದೆ ಹೋಗಿದ್ದ. ಅವನು ದಿನವೂ ಹಾಗೆಯೇ, ಮೇಷ್ಟ್ರು ಎಬ್ಬಿಸುತ್ತಿರಲಿಲ್ಲ.

ಗುರುವಾರ ಹೊಸ ಆಟ. ಮೇಷ್ಟ್ರು ಅದನ್ನು 'ಸಾಲು' ಎಂದು ಕರೆದರು. ಮಕ್ಕಳೆಲ್ಲ ಜಗಲಿಯುದ್ದಕ್ಕೂ ಚಕ್ಕಂಬಟ್ಟಲು ಹಾಕಿ, ಉಡುಗೆಯ ಸೆರಗನ್ನು ಮಡಿಲಿನಂತೆ ಹಿಡಿದು ಕೂರಬೇಕು. ಒಬ್ಬರು ಬುಟ್ಟಿ ಹಿಡಿದು ಒಂದೊಂದು ಮಡಿಲಿಗೆ ಒಂದೊಂದು ಬೀಜ ಹಾಕುತ್ತ ಹೋಗಬೇಕು; ಬೀಜ ಬಿದ್ದವರು ತಮ್ಮ ಸಂಖ್ಯೆ ಕೂಗಬೇಕು. ಆಮೇಲೆ ಮೇಷ್ಟ್ರು ಕೇಳುತ್ತಿದ್ದರು: ಏಳು ಯಾರಪ್ಪ? ಎಂಟರ ಹಿಂದೆ ಯಾರಿದಾರೆ, ಮುಂದೆ ಯಾರಿದಾರೆ?

ಸಾಲಿನ ಮೊದಲಿಗೆ ಕೂತವಳು ಅಂಬಿ. ಬೀಜ ಬಿದ್ದದ್ದೇ ತಡ, "ಲಾಭ!" ಎಂದು ಕೂಗಿದಳು.

ಒಳಗಿನ ದೊಡ್ಡ ಮಕ್ಕಳೂ ಬಾಗಿಲಿಗೆ ಬಂದು ನಗತೊಡಗಿದವು. ಮೇಷ್ಟ್ರೂ ನಕ್ಕರು. "ಅಂಬಮ್ಮ, ಅದು ಕಣದಲ್ಲಿ. ಸ್ಕೂಲಲ್ಲಿ ಒಂದು ಅನ್ಬೇಕು."

"ಒಂದು ಅಂದ್ರೆ ಕಮ್ಮಿ ಆಗ್ತದೆ ಸ್ವಾಮಿ."

"ಹುಣಸೆಬೀಜ ಕಮ್ಮಿ ಆದ್ರೆ ಆಗ್ಲಿ ಬಿಡು. ಸರಿ, ಹತ್ತರಲ್ಲಿ ಒಂಬತ್ತು ಹೋದ್ರೆ ಎಷ್ಟು ಉಳೀತು?"

ಅಂಬಿ ಬೆರಳು ಮಡಚಿ ಬಿಚ್ಚಿ ನೋಡಿ, ಅಜ್ಜನ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದಳು: "ಲಾಭ."

ಮೇಷ್ಟ್ರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಒಂಬತ್ತು ಕಳ್ಕಂಡ ಮೇಲೂ ಲಾಭವೇ! ನಿಮ್ಮ ಮನೆತನಕ್ಕೆ ಯಾವತ್ತೂ ನಷ್ಟ ಇಲ್ಲ ಬಿಡಿ ಯಜಮಾನ್ರೇ." ಆಮೇಲೆ ಸಾಲಿನ ಕೊನೆ ನೋಡಿ, "ಹತ್ತೊಂಬತ್ತೇ ಆದ್ವು. ಒಂದು ತಲೆ ಕಮ್ಮಿ ಬಿತ್ತಲ್ಲ. ನೀವೇ ಬಂದು ಕೂತ್ಕಳಿ, ಇಪ್ಪತ್ತು ತುಂಬ್ತದೆ," ಎಂದರು.

ಈರಭದ್ರಪ್ಪ ಎದ್ದು, ಮಂಡಿ ಹಿಡಿದುಕೊಂಡು ಮೆಲ್ಲಗೆ ಸಾಲಿನ ಕೊನೆಗೆ ಕೂತ. ಪಂಚೆಯ ಅಂಚನ್ನು ಮಡಿಲು ಮಾಡಿ ಹಿಡಿದ. ಅಲ್ಲಿಂದ ಬಗ್ಗಿ ನೋಡಿದರೆ ಸಾಲಿನ ಉದ್ದಕ್ಕೂ ಪುಟ್ಟ ಮಡಿಲುಗಳು, ಒಂದರ ಹಿಂದೆ ಒಂದು. ಅಂಬಿ ಮೊದಲು. ಏಳನೆಯವಳು ಮುಂದಿನ ಎರಡು ಹಲ್ಲು ಬಿದ್ದವಳು. ಹನ್ನೊಂದನೆಯವನು ನಿದ್ದೆಯ ಬೀರ. ಹನ್ನೆರಡು ಶಾನುಭೋಗರ ಮಗಳು ಪಂಕಜಾಕ್ಷಿ, ಮಡಿಲಲ್ಲಿ ಕಿತ್ತಿಳೆ ಬಣ್ಣದ ಲಂಗ. ಹದಿಮೂರು ಕುಂಬಾರರ ತಿಮ್ಮ, ಕೈಯೆಲ್ಲ ಜೇಡಿಮಣ್ಣು. ಬೀಜ ಟಪ್ ಟಪ್ ಎಂದು ಬೀಳುತ್ತ ಹತ್ತಿರ ಬಂತು, ದನಿಗಳು ಬಂದವು, ಕೊನೆಗೆ ಅವನ ಮಡಿಲಿಗೂ ಒಂದು ಬಿತ್ತು. "ಇಪ್ಪತ್ತು," ಎಂದ ಅವನು. ಮೂವತ್ತೈದು ವರ್ಷದಲ್ಲಿ ಸಾವಿರ ಸಲ ಹೇಳಿದ ಮಾತು. ಅವತ್ತು ಅದು ಕುಳಿತುಕೊಳ್ಳಲು ಒಂದು ಜಾಗವಿರುವ ಮಾತಾಗಿ ಕೇಳಿಸಿತು.

ಅಂದು ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಒಬ್ಬನೇ ಕೂತು ಕಣ್ಣು ಮುಚ್ಚಿದ. ಸಾಲು ಬಂತು. ಅಂಬಿಯ ಮಡಿಲಿಗೆ ಒಂದು ಕೊಳಗ ರಾಗಿ ಸುರಿದ. ಎರಡನೆಯದು ಅವಳ ಪಕ್ಕದವಳಿಗೆ. ಹೀಗೆ ಸುರಿಯುತ್ತ ಹೋದ. ನಡುವೆ ಬೇಕೆಂತಲೇ ನಿಲ್ಲಿಸಿ, ಎದ್ದು ಹೋಗಿ ನೀರು ಕುಡಿದು, ಹಾರುವ ಕೊಕ್ಕರೆ ನೋಡಿ, ಮತ್ತೆ ಬಂದು ಕಣ್ಣು ಮುಚ್ಚಿದ. ಬೀರನ ಮಡಿಲು ತುಂಬಿತ್ತು, ಅವನು ರಾಗಿಯ ಭಾರಕ್ಕೂ ಎಚ್ಚರಾಗದೆ ಮಲಗಿದ್ದ. ಪಂಕಜಾಕ್ಷಿಯ ಕಿತ್ತಿಳೆ ಲಂಗ ಬರಿದಾಗಿತ್ತು. ಹಾಗಾದರೆ ಹನ್ನೊಂದು ಆಗಿದೆ, ಹನ್ನೆರಡು ಆಗಬೇಕು. ಯಾರನ್ನೂ ಕೇಳಬೇಕಾಗಿಲ್ಲ, ಮಡಿಲು ನೋಡಿದರೆ ಸಾಕು.

ಮುದುಕನಿಗೆ ಕಣ್ಣಲ್ಲಿ ನೀರು ಬಂತು. ಶುಕ್ರವಾರ, ಶನಿವಾರ ಎರಡು ದಿನವೂ ತಪ್ಪದೆ ಸಾಲಿನಲ್ಲಿ ಕೂತ. ಭಾನುವಾರ ಸ್ಕೂಲಿಲ್ಲದಿದ್ದರೂ ಬರಿದಾದ ಜಗಲಿಯ ಮುಂದೆ ಒಂದು ಸಲ ಹಾದುಬಂದ. ಲಿಂಗಮ್ಮ, "ಮಾವ, ನೀವೇ ಒಂದು ಸ್ಲೇಟು ತಗಳಿ ಅತ್ಲಾಗೆ," ಎಂದು ರೇಗಿಸಿದಳು.

ಸೋಮವಾರ ಬೆಳಿಗ್ಗೆ ಸಾಲಿನಲ್ಲಿ ಪಂಕಜಾಕ್ಷಿ ಇರಲಿಲ್ಲ. ತಾಯಿಯ ಜೊತೆ ಗಾಡಿ ಕಟ್ಟಿಸಿಕೊಂಡು ತರೀಕೆರೆಗೆ, ಅಜ್ಜಿಯ ಮನೆಗೆ ಹೋಗಿದ್ದಳು. "ಒತ್ತಿಕೊಂಡು ಕೂತ್ಕಳಿ," ಎಂದರು ಮೇಷ್ಟ್ರು. ತಿಮ್ಮ ಜರುಗಿ ಬೀರನ ಪಕ್ಕಕ್ಕೆ ಬಂದ. ಅವನ ಹಿಂದಿನವರೆಲ್ಲ ಒಬ್ಬೊಬ್ಬರಾಗಿ ಜರುಗಿದರು. ಬೀಜ ಬಂದಾಗ ತಿಮ್ಮ "ಹನ್ನೆರಡು" ಎಂದ. ಈರಭದ್ರಪ್ಪ ತನ್ನ ಸರದಿ ಬಂದಾಗ "ಇಪ್ಪತ್ತು" ಎಂದುಬಿಟ್ಟ, ಮಕ್ಕಳು "ಹತ್ತೊಂಬತ್ತು ಕಣಜ್ಜ!" ಎಂದು ಕೂಗಿದವು. ಅವನು ನಕ್ಕ. ಆದರೆ ಅವನೊಳಗೆ ಏನೋ ಒಂದು ಗೇಣು ಜರುಗಿಹೋಯಿತು.

ಕೆಂಚಮ್ಮನ ಕಣಕ್ಕೆ ಅವನು ಹೋದಾಗ ಬಿಸಿಲು ಹಳದಿಗೆ ತಿರುಗಿತ್ತು. ತೂರಿದ ರಾಗಿ ಕಣದ ನಡುವೆ ಕೂಡಿತ್ತು. ಮೇಲೆ ಸಗಣಿಯ ಗಣಪನಾದ ಬೆನವ, ಅದಕ್ಕೆ ಒಂದು ಹುಚ್ಚೆಳ್ಳು ಹೂ. ಗಾಳಿಯಲ್ಲಿ ತೇಲುವ ಹೊಟ್ಟಿನ ಪುಡಿಗೆ ಬೆಳಕು ಬಿದ್ದು ಇಡೀ ಕಣ ಜೇನಿನೊಳಗೆ ಅದ್ದಿದಂತೆ ಕಾಣುತ್ತಿತ್ತು. ಸುತ್ತ ಜನ. ರಾಶಿಯಾದ ಮೇಲೆ ಮಕ್ಕಳಿಗೆ ಒಂದೊಂದು ಹಿಡಿ ರಾಗಿ ಹಾಕುವ ಪದ್ಧತಿಯಿಂದ ಜಗಲಿಯ ಮಕ್ಕಳೆಲ್ಲ ಅಲ್ಲೇ ಹುಲ್ಲಿನ ಮೇಲೆ ಉರುಳಾಡುತ್ತಿದ್ದವು. ಮೇಷ್ಟ್ರು ಸಂಜೆಯ ತಿರುಗಾಟಕ್ಕೆ ಬಂದವರು ಬೇಲಿಯ ಆಚೆ ನಿಂತಿದ್ದರು.

ಮೊದಲ ಖಂಡುಗ ಕೆಂಚಮ್ಮನ ಚಾಪೆಗೆ ಬಿತ್ತು. ಎರಡನೆಯದು ಮುದ್ದಪ್ಪನ ಗೋಣಿಗೆ. ಎರಡು ಹಿಡಿ ರಾಗಿ ಪಕ್ಕದಲ್ಲಿ ಕೂತವು. ಈರಭದ್ರಪ್ಪನ ದನಿ ತುಂಬಿ ಬರುತ್ತಿತ್ತು. ಇಷ್ಟು ಹಗುರವಾಗಿ ಅವನು ಎಷ್ಟೋ ವರ್ಷದಿಂದ ಅಳೆದಿರಲಿಲ್ಲ. ಮಡಿಲುಗಳು ಒಂದೊಂದಾಗಿ ತುಂಬುತ್ತಿದ್ದವು. ಮೂರನೆಯ ಖಂಡುಗ, ಕೆಂಚಮ್ಮನದು, ಬೇರೆ ಚಾಪೆಯ ಮೇಲೆ ಶುರುವಾಯಿತು. ಹಲ್ಲು ಬಿದ್ದ ಹುಡುಗಿಯ ಮಡಿಲು ದಾಟಿತು. ಬೀರನ ಕಂಬಳಿಗೆ ಸುರಿದ. "ಹನ್ನೊಂದೂ, ಹನ್ನೊಂದೂ..."

ಮುಂದಿನ ಕೊಳಗ ತುಂಬಿ ಎತ್ತಿದಾಗ ಎದುರಿಗೆ ಕಿತ್ತಿಳೆ ಲಂಗ ಕಂಡಿತು. ಅದರ ಹಿಂದೆಯೇ, ಅದೇ ಜಾಗದಲ್ಲಿ, ಜೇಡಿಮಣ್ಣಿನ ಕೈಗಳು. ತಿಮ್ಮನ ಮಡಿಲು ತುಂಬಿದಂತೆಯೂ ಇತ್ತು, ಬರಿದಾದಂತೆಯೂ ಇತ್ತು. ಈಗ ಸುರಿದದ್ದು ಬೀರನಿಗೋ, ತಿಮ್ಮನಿಗೋ? ತಿಮ್ಮ ಹನ್ನೆರಡೋ ಹದಿಮೂರೋ? ಇಡೀ ಸಾಲು ನೀರಿನಲ್ಲಿ ಕಂಡ ಬಿಂಬದ ಹಾಗೆ ಅಲುಗಿತು.

ಬಾಯಲ್ಲಿ ಒಂದು ಸಂಖ್ಯೆ ಸಿದ್ಧವಾಗಿ ನಿಂತಿತ್ತು. ಹೋದ ಸೋಮವಾರದ ಹಾಗೆಯೇ. ಹೇಳಿಬಿಟ್ಟರೆ ಮುಗಿಯಿತು.

ಎದುರಿಗೆ ಕೆಂಚಮ್ಮ ನಿಂತಿದ್ದಳು, ಕಿರಿಯ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು. ಅವಳು ರಾಶಿ ನೋಡುತ್ತಿರಲಿಲ್ಲ. ಅವನ ಬಾಯಿ ನೋಡುತ್ತಿದ್ದಳು.

ಈರಭದ್ರಪ್ಪ ತುಂಬಿದ ಕೊಳಗವನ್ನು ನೆಲಕ್ಕೆ ಇಟ್ಟ. ಅಳತೆಯ ನಡುವೆ ಕೊಳಗ ನೆಲಕ್ಕಿಳಿದದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ತಪ್ಪೋಯ್ತು," ಎಂದ. "ನಂಗೆ ಲೆಕ್ಕ ತಪ್ಪೋಯ್ತು ಕಣ್ರಪ್ಪ."

ಮುದ್ದಪ್ಪನೇ ಮೊದಲು ಬಾಯಿಬಿಟ್ಟ. "ಅದ್ಯಾಕ್ ದೊಡ್ಡಪ್ಪ ಹಂಗಂತೀಯ? ಹನ್ನೆರಡು ಅನ್ನು, ಹದಿಮೂರು ಅನ್ನು, ಯಾವ್ದೋ ಒಂದು ಅಂದು ಮುಂದ್ಕೆ ಹೋಗು. ಹೊತ್ತು ಮುಳುಗ್ತದೆ."

"ಹನ್ನೆರಡು ಅಂದ್ರೆ ನಿನ್ನ ರಾಗಿ ಹೋದಾತು, ಹದಿಮೂರು ಅಂದ್ರೆ ಅವಳ್ದು. ನಂಗೊತ್ತಿಲ್ದೆ ಹೆಂಗನ್ಲಿ?"

"ಮತ್ತೇನು ಮಾಡಾಣ? ಅಳೆದಿದ್ದು ರಾಶಿಗೆ ಸುರಿಯಂಗಿಲ್ಲ."

"ಸುರೀರಿ ಮಾವ," ಎಂದಳು ಕೆಂಚಮ್ಮ. ದನಿ ದೊಡ್ಡದಾಗಿರಲಿಲ್ಲ. "ರಾಶಿ ಮುನ್ಸ್ಕಂಡ್ರೆ ನನ್ಮೇಲೆ ಮುನ್ಸ್ಕಳ್ಳಿ. ನನ್ಮೇಲೆ ಇನ್ನೇನು ಮುನಿಯಾದೈತೆ ಅದುಕ್ಕೆ?"

ಯಾರೋ ಹೆಂಗಸು ಶಿವಶಿವಾ ಎಂದಳು. ಕೆಂಚಮ್ಮ ಮಗುವನ್ನು ಇಳಿಸಿ ತಾನೇ ಬಗ್ಗಿ ಚಾಪೆಯ ತುದಿ ಹಿಡಿದೆತ್ತಿದಳು. ಮೂರನೆಯ ಖಂಡುಗದ ರಾಗಿಯೆಲ್ಲ ಸೊರಸೊರ ಸದ್ದು ಮಾಡುತ್ತ ರಾಶಿಗೆ ಮರಳಿತು. ಈರಭದ್ರಪ್ಪ ನೆಲಕ್ಕಿಟ್ಟಿದ್ದ ಕೊಳಗವನ್ನೂ ರಾಶಿಗೇ ಬರಿದುಮಾಡಿ ಬೇಲಿಯ ಕಡೆ ತಿರುಗಿದ.

"ಸ್ವಾಮಿ, ನನ್ನ ತಲೇಲಿ ಕೂತ ಸಾಲು ಅಲುಗಾಡ್ತೈತೆ. ಮಕ್ಕಳ್ನೇ ಇಲ್ಲಿ ಕೂರಿಸ್ಕೊಡ್ತೀರಾ?"

ಯಾವ ಸಾಲು, ಯಾತಕ್ಕೆ ಎಂದು ಜನಕ್ಕೆ ತಿಳಿಯಲಿಲ್ಲ. ಮೇಷ್ಟ್ರಿಗೆ ತಿಳಿಯಿತು. ಎಷ್ಟು ದಿನದಿಂದ ಈ ಮುದುಕ ಜಗಲಿಯಲ್ಲಿ ಏನು ಹುಡುಕುತ್ತಿದ್ದನೆಂದು ಅವರಿಗೆ ಹೊಳೆದದ್ದು ಆಗಲೇ ಇರಬೇಕು. ಬೇಲಿ ದಾಟಿ ಒಳಬಂದು, ಚಪ್ಪಾಳೆ ತಟ್ಟಿ, ಜಗಲಿಯ ದನಿಯಲ್ಲೇ ಕೂಗಿದರು: "ಸಾಲು!"

ಹುಲ್ಲಿನ ಮೇಲಿದ್ದ ಮಕ್ಕಳು ದಡದಡನೆ ಓಡಿಬಂದು ಕಣದ ಅಂಚಿಗೆ ಕೂತವು. ಬೀರನನ್ನು ಇಬ್ಬರು ಎಳೆದು ತಂದರು. ತಿಮ್ಮ ಒತ್ತಿಕೊಳ್ಳಲು ಹೋದಾಗ ಈರಭದ್ರಪ್ಪ ತಡೆದ. "ನೀನು ನಿನ್ನ ಜಾಗ್ದಾಗೇ ಇರು ಮಗ. ಆ ಜಾಗ ಬಿಡು."

"ಅದ್ರಲ್ಲಿ ಯಾರು ಕೂರ್ಬೇಕು?" ಎಂದಳು ಅಂಬಿ.

ಮೇಷ್ಟ್ರು ಸುತ್ತ ನೋಡಿ, "ರಾಶಿ ಯಾರ್ದೋ ಅವ್ರೇ ಕೂತ್ಕಳ್ಲಿ," ಎಂದರು.

ಕೆಂಚಮ್ಮ ನಾಚಿ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯೋ, ನಾನೇನು ಇಸ್ಕೂಲ್ ಮಗೀನಾ?" ಎನ್ನುತ್ತಲೇ ಹೋಗಿ ಬೀರನಿಗೂ ತಿಮ್ಮನಿಗೂ ನಡುವೆ ಕೂತಳು, ಮೊಣಕಾಲು ಮಡಚಿ, ಮಡಿಲು ಹಿಡಿದು. ಅಷ್ಟು ಹೊತ್ತು ಬಿಗಿದುಕೊಂಡು ನಿಂತಿದ್ದ ಜನ ಆಗ ನಕ್ಕರು.

ಈರಭದ್ರಪ್ಪ ಕೊಳಗ ತುಂಬಿ ಚಾಪೆಗೆ ಸುರಿದ. ಬಾಯಿ ತೆರೆಯಲಿಲ್ಲ, ಸಾಲಿನ ಮೊದಲಿಗೆ ತಲೆಯಾಡಿಸಿದ. ಅಂಬಿ ಒಮ್ಮೆ ಮೇಷ್ಟ್ರ ಮುಖ ನೋಡಿದಳು, ಒಮ್ಮೆ ಅಜ್ಜನ ಮುಖ. ಮೇಷ್ಟ್ರು ಮೋಡ ನೋಡುತ್ತಿದ್ದರು.

"ಲಾಭ!" ಎಂದಳು.

ಎರಡು ಬಂತು, ಮೂರು ಬಂತು. ಒಂದೊಂದು ದನಿ ಒಂದೊಂದು ತೆರ. ಒಬ್ಬಳು ಪಿಸುಗುಟ್ಟಿದಳು, ಒಬ್ಬ ಕಿರುಚಿದ, ಏಳನೆಯವಳ ಮಾತು ಹಲ್ಲಿನ ಸಂದಿಯಲ್ಲಿ ಸೀಟಿಯಾಗಿ ಹೊರಟಿತು. ಕೊಳಗ ಏಳುತ್ತಿತ್ತು, ಇಳಿಯುತ್ತಿತ್ತು. ಬೀರ ಕಣ್ಣುಮುಚ್ಚಿಕೊಂಡೇ ಸರಿಯಾಗಿ "ಹನ್ನೊಂದು" ಎಂದ. ಕೆಂಚಮ್ಮ ಹನ್ನೆರಡು ಎಂದಾಗ ಅವಳ ದನಿ ಸಣ್ಣ ಹುಡುಗಿಯದರಂತೆ ಇತ್ತು. ತೇಲುವ ಹೊಟ್ಟಿನ ಬೆಳಕಿನಲ್ಲಿ ಮಕ್ಕಳ ತಲೆಗಳು, ಅವುಗಳ ನಡುವೆ ಒಂದು ಸೆರಗು ಹೊದ್ದ ತಲೆ, ಎಲ್ಲ ಕಣ್ಣಮುಂದೆಯೇ ಇದ್ದವು, ಯಾವುದೂ ಅಲುಗಲಿಲ್ಲ. ಮೂವತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಈರಭದ್ರಪ್ಪ ಅಳೆಯುತ್ತ ಅಳೆಯುತ್ತ ರಾಗಿಯ ಬಣ್ಣವನ್ನು ನೋಡಿದ. ಹತ್ತೊಂಬತ್ತಾದಮೇಲೆ ತಾನು "ಇಪ್ಪತ್ತು" ಎಂದು, ಮೂರನೆಯ ಹಿಡಿ ತೆಗೆದಿಟ್ಟ.

ರಾಶಿ ಮುನಿಯಿತೋ ಇಲ್ಲವೋ ಹೇಳುವಂತಿರಲಿಲ್ಲ. ನಾಲ್ಕು ಖಂಡುಗದ ಮೇಲೆ ಆರು ಕೊಳಗ ಆಯಿತು. ಹೊತ್ತು ಮುಳುಗುವುದರೊಳಗೆ ಪಾಲು ಮುಗಿಯಿತು. ಕೆಂಚಮ್ಮ ಮಕ್ಕಳಿಗೆ ಒಂದೊಂದು ಹಿಡಿಯ ಬದಲು ಎರಡೆರಡು ಹಿಡಿ ಹಾಕಿದಳು.

ಮುದ್ದಪ್ಪ ಗೋಣಿಯ ಬಾಯಿ ಹೊಲಿಯುತ್ತಿದ್ದಾಗ ಈರಭದ್ರಪ್ಪ ಹತ್ತಿರ ಹೋಗಿ ನಿಂತ.

"ಮುದ್ದಾ, ನಿಮ್ಮ ರಾಶೀಲೂ ಹಿಂಗೇ ಆಗಿತ್ತು ಕಣಪ್ಪ. ನಿನ್ನ ಮೂರ್ನೇ ಖಂಡುಗದಲ್ಲಿ. ಅವತ್ತು ಬಾಯಿ ಮುಚ್ಕಂಡೆ. ಹತ್ತೊಂಬತ್ತೋ, ಇಪ್ಪತ್ತೋ, ಇಪ್ಪತ್ತೊಂದೋ, ಶಿವನಾಣೆ ನಂಗೊತ್ತಿಲ್ಲ."

ಮುದ್ದಪ್ಪ ದಬ್ಬಣವನ್ನು ಗೋಣಿಗೆ ಚುಚ್ಚಿ ಎಳೆದ. "ನನ್ ರಾಗಿ ನೆಲದೊಳಗ್ಲ ಹಗೇವಿಗೆ ಇಳ್ಸಿ, ಬಾಯಿಗೆ ಕಲ್ಲೆಳ್ದು ಮೆತ್ತೂ ಆಯ್ತು. ಸಿದ್ದಪ್ಪ ಅವಂದು ಬೀರೂರು ಸಂತೇಗೆ ಹಾಕ್ಬಂದ. ಈಗ ಯಾರ್ನ ಕೇಳ್ತೀಯ, ಭೂಮ್ತಾಯ್ನಾ?"

ಮಾರನೆಯ ಬೆಳಿಗ್ಗೆ ಅಂಬಿಯನ್ನು ಸ್ಕೂಲಿಗೆ ಬಿಟ್ಟು, ಸಾಲಿನಲ್ಲಿ ಕೂರದೆ, ಈರಭದ್ರಪ್ಪ ಮನೆಗೆ ಬಂದು ಕಾಳು ತುಂಬಿಡುವ ತನ್ನ ವಾಡೆಯಿಂದ ಒಂದು ಕೊಳಗ ರಾಗಿ ಅಳೆದು ಗೋಣಿಗೆ ಹಾಕಿ ಹೊತ್ತುಕೊಂಡು ಮುದ್ದಪ್ಪನ ಮನೆಗೆ ಹೋದ.

"ನಾನು ತಗಂಡ್ರೆ ತಮ್ಮ ಹೆಚ್ಗೆ ಒಯ್ದ ಅಂದಂಗಾಯ್ತಲ್ಲ ದೊಡ್ಡಪ್ಪ?" ಎಂದ ಮುದ್ದಪ್ಪ. "ಒಂದು ಕೊಳಗಕ್ಕೆ ಅವನ್ನ ಕಳ್ಳನ್ ಮಾಡ್ಲಾ? ಒಯ್ದು ಅವ್ನಿಗೇ ಕೊಡು, ಸಣ್ಣೋನು."

ಸಿದ್ದಪ್ಪ ಬಾಗಿಲಲ್ಲೇ ಅಡ್ಡ ನಿಂತ. "ಅಣ್ಣ ನಂಗೆ ಕಮ್ಮಿ ಬೀಳೋಕೆ ಬಿಟ್ಟಾನಾ? ಇದುನ್ನ ಒಳಿಕ್ಕೆ ತಗಂಡ್ರೆ ನಾಳೆ ಅತ್ತಿಗೆ ಮುಖ ಹೆಂಗ್ ನೋಡ್ಲಿ? ಒಯ್ಯಿ, ಒಯ್ಯಿ."

ಅಲ್ಲಿಂದ ಮತ್ತೆ ಮುದ್ದಪ್ಪನ ಮನೆ. ಮುದ್ದಪ್ಪ ಹೊಲಕ್ಕೆ ಹೋಗಿದ್ದ. ಗೋಣಿಯನ್ನು ಅವನ ಜಗಲಿಯ ಮೇಲೆ ಇಳಿಸಿ ಈರಭದ್ರಪ್ಪ ಸದ್ದಿಲ್ಲದೆ ಬಂದುಬಿಟ್ಟ. ಮಧ್ಯಾಹ್ನ ಊಟ ಮಾಡಿ ಹೊರಗೆ ಬಂದರೆ ಅದೇ ಗೋಣಿ ತನ್ನ ಜಗಲಿಯ ಮೇಲೆ ಕೂತಿತ್ತು. ಯಾರು ತಂದಿಟ್ಟರೆಂದು ಪಕ್ಕದ ಮನೆಯವರನ್ನು ಕೇಳಿದರೆ ಅವರು ಬೇರೆ ಮಾತಾಡಿದರು.

ಅವನು ಅದರ ಪಕ್ಕದಲ್ಲೇ ಕಂಬಕ್ಕೊರಗಿ ಕೂತ. ಗೋಣಿಯ ಒಂದು ಮೂಲೆಯ ಹೊಲಿಗೆ ಬಿಟ್ಟು ಒಂದಿಷ್ಟು ರಾಗಿ ಸೋರಿತ್ತು. ಗುಬ್ಬಿಗಳು ಬಂದು ಹೆಕ್ಕುತ್ತಿದ್ದವು. ಓಡಿಸಲು ಕೈ ಎತ್ತಿದವನು, ಇದು ಯಾರ ರಾಗಿಯೆಂದು ಓಡಿಸಲಿ ಎಂದುಕೊಂಡು ಹಾಗೆಯೇ ಇಳಿಸಿದ. ಬಿಸಿಲು ಮೊಣಕಾಲಿನಿಂದ ಪಾದಕ್ಕೆ, ಪಾದದಿಂದ ಅಂಗಳಕ್ಕೆ ಇಳಿಯಿತು. ದೂರದ ಕಣದಲ್ಲಿ ರೋಣಗಲ್ಲು ತಿರುಗುತ್ತಲೇ ಇತ್ತು.

ಲಿಂಗಮ್ಮ ಹೊಲದಿಂದ ಬಂದು ಕಾಲು ತೊಳೆದುಕೊಂಡಳು. ಗೋಣಿ ನೋಡಿ, "ವಾಡೇಗೆ ಸುರೀಲಾ ಮಾವ?" ಎಂದಳು.

"ಬ್ಯಾಡ. ನಮ್ ರಾಗಿ ಜೊತೆ ಬೆರೆಸ್ಬ್ಯಾಡ."

"ಮತ್ಯಾರ್ದು ಇದು?"

ಇಬ್ಬನಿ ಬೀಳುವ ಹೊತ್ತಾಗಿತ್ತು. ಈರಭದ್ರಪ್ಪ ಎದ್ದು ಗೋಣಿಯ ಬಿಟ್ಟ ಮೂಲೆಯನ್ನು ಬಾಳೆನಾರಿನಿಂದ ಕಟ್ಟಿ, ಒಳಗೆ ಎಳೆದುಕೊಂಡು ಹೋಗಿ, ವಾಡೆಯಿಂದ ದೂರ, ಬಾಗಿಲ ಹಿಂದಿನ ಗೋಡೆಗೆ ಒರಗಿಸಿ ನಿಲ್ಲಿಸಿದ.